ಮೊದಲ ಹನಿಗೆ ಬಿತ್ತಬೇಡಿ, ಹದ ನೋಡಿ ಬಿತ್ತಿ



ಮುಂಗಾರು ಕೇರಳಕ್ಕೆ ಬಂದಿತೆಂಬ ಸುದ್ದಿ ಕೇಳಿದೊಡನೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಖುಷ್ಕಿ ಬೇಸಾಯಗಾರರಿಗೆ ಬಿತ್ತನೆಯ ಆತುರ ಹುಟ್ಟುವುದು ಸಹಜ. ಆದರೆ ಸುದ್ದಿ ಬಂದಷ್ಟು ಬೇಗ ಹೊಲಕ್ಕೆ ಹದ ಬರುವುದಿಲ್ಲ. ತುಂತುರು ಮಳೆಗೆ ಬಿತ್ತಿದ ರಾಗಿ ಮೊಳೆತು, ಮುಂದಿನ ಹತ್ತು ಹನ್ನೆರಡು ದಿನ ಮಳೆ ಕೈಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತದೆ. ಆಗ ಬೀಜ, ಗೊಬ್ಬರ, ಕೂಲಿ ಎಲ್ಲವೂ ನಷ್ಟ. ಅದಕ್ಕಿಂತ ಮಿಗಿಲಾಗಿ, ಮರುಬಿತ್ತನೆಗೆ ಬೇಕಾದ ಸಕಾಲ ಕೈಜಾರುತ್ತದೆ.

ದೇಶದ ಮಳೆ ಬೇರೆ, ಹೊಲದ ಮಳೆ ಬೇರೆ

ಕೇರಳಕ್ಕೆ ಮುಂಗಾರು ಪ್ರವೇಶಿಸುವ ವಾಡಿಕೆಯ ದಿನ ಜೂನ್ 1. ಆದರೆ 2023ರಲ್ಲಿ ಅದು ಜೂನ್ 8ಕ್ಕೂ, 2025ರಲ್ಲಿ ಮೇ 24ಕ್ಕೂ ಬಂದಿತು. ಬರುವ ದಿನಕ್ಕಿಂತಲೂ ಮುಖ್ಯವಾದುದು ಮಳೆಯ ಹಂಚಿಕೆ. 2023ರಲ್ಲಿ ದೇಶಕ್ಕೆ ಒಟ್ಟಾರೆ ಸರಾಸರಿಯ ಶೇಕಡಾ 94ರಷ್ಟು ಮುಂಗಾರು ಮಳೆಯಾಯಿತು. ಈ ಅಂಕಿ ನೋಡಿದರೆ ದೊಡ್ಡ ಕೊರತೆಯೆನಿಸದು. ಆದರೆ ಜುಲೈನಲ್ಲಿ ವಾಡಿಕೆಗಿಂತ ಹೆಚ್ಚು ಸುರಿದು, ಆಗಸ್ಟ್‌ನಲ್ಲಿ ಶೇಕಡಾ 36ರಷ್ಟು ಕೊರತೆ ಬಿದ್ದಿತು. 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆದ್ದರಿಂದ ಒಟ್ಟು ಮಳೆಯ ಅಂಕಿಯನ್ನು ನಂಬಿ ಬೇಸಾಯ ನಡೆಸಲಾಗದು.

ಮುನ್ಸೂಚನೆಯ ಮಾತಿನ ಅರ್ಥ

‘ಒಂದೆರಡು ಕಡೆ ಮಳೆಯಾಗಬಹುದು’ ಎಂದು ಹವಾಮಾನ ಇಲಾಖೆ ಹೇಳಿದರೆ, ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಾತ್ರ ಮಳೆಯ ನಿರೀಕ್ಷೆ ಇದೆ ಎಂದರ್ಥ. ‘ಬಹುತೇಕ ಎಲ್ಲ ಕಡೆ’ ಎಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ. ಮೊದಲನೆಯ ಮಾತನ್ನು ಕೇಳಿ ಬಿತ್ತನೆಗೆ ಹೊರಡುವುದು ಜೂಜಾಟವೇ ಸರಿ.

ಮಳೆಯ ಪ್ರಮಾಣಕ್ಕೂ ಲೆಕ್ಕವಿದೆ. ದಿನಕ್ಕೆ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ ಮಳೆ, 15.6ರಿಂದ 64.4 ಮಿ.ಮೀ. ಸಾಧಾರಣ ಮಳೆ, 64.5 ಮಿ.ಮೀ. ದಾಟಿದರೆ ಭಾರಿ ಮಳೆ. ಒಣಗಿದ ನೆಲಕ್ಕೆ ಬಿದ್ದ ಒಂದು ದಿನದ ಹಗುರ ಮಳೆ ಧೂಳಡಗಿಸೀತೇ ಹೊರತು ಬಿತ್ತನೆಯ ಹದ ಕೊಡಲಾರದು.

ಮಳೆ ನಕ್ಷತ್ರಗಳು

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಮಾತು ತಮಗೆಲ್ಲ ತಿಳಿದದ್ದೇ. ಹಿರಿಯರ ಮಳೆ ನಕ್ಷತ್ರಗಳ ಪಟ್ಟಿ, ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ವಿಂಗಡಿಸಿದ ಒಳ್ಳೆಯ ಪಂಚಾಂಗ. ಆದರೆ ನಕ್ಷತ್ರಗಳ ಲೆಕ್ಕದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಈ ವ್ಯತ್ಯಾಸ 72 ವರ್ಷಗಳಿಗೆ ಒಂದು ದಿನವಾಗಿ, ಸಾವಿರ ವರ್ಷಗಳಲ್ಲಿ ಸುಮಾರು 14 ದಿನಗಳಾಗುತ್ತದೆ. ಅಂದರೆ ಒಂದು ಇಡೀ ಮಳೆ ನಕ್ಷತ್ರದಷ್ಟು ಸರಿದಂತಾಯಿತು! ಆದುದರಿಂದ ನಕ್ಷತ್ರವನ್ನು ಗುರುತಿಗೆ ಇಟ್ಟುಕೊಳ್ಳಿ. ತೀರ್ಮಾನವನ್ನು ಮಾತ್ರ ಮಣ್ಣಿಗೆ ಬಿಡಿ.

ನಿಮ್ಮ ಮಳೆಯನ್ನು ನೀವೇ ಅಳೆಯಿರಿ

ಬಾಯಿ, ತಳ ಎರಡೂ ಒಂದೇ ಅಗಲವಿರುವ, ನೇರ ಅಂಚಿನ ಡಬ್ಬಿಯೊಂದು ಸಾಕು. ಬಯಲಿನಲ್ಲಿ, ಮರ ಅಥವಾ ಕಟ್ಟಡದಿಂದ ಅದರ ಎತ್ತರದ ಎರಡರಷ್ಟು ದೂರದಲ್ಲಿ, ಅಲುಗಾಡದಂತೆ ನಿಲ್ಲಿಸಿ. ಪ್ರತಿದಿನ ಬೆಳಿಗ್ಗೆ 8-30ಕ್ಕೆ ಅಳತೆಪಟ್ಟಿ ಇಳಿಸಿ ನೋಡಿ ಬರೆದಿಡಿ. ಬಳಿಕ ಡಬ್ಬಿ ಬರಿದು ಮಾಡಿ. ಒಂದು ಸೆಂಟಿಮೀಟರು ನೀರು ನಿಂತರೆ 10 ಮಿ.ಮೀ. ಮಳೆ. ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರು ನೀರು, 25 ಮಿ.ಮೀ. ಆದರೆ ಒಂದು ಲಕ್ಷ ಲೀಟರು.

ಕೆಂಪು ಮಣ್ಣಿನ ಹೊಲಗಳಲ್ಲಿ ಎರಡು ಮೂರು ದಿನಗಳೊಳಗೆ ಒಟ್ಟು 20ರಿಂದ 25 ಮಿ.ಮೀ. ಮಳೆಯಾದ ಮೇಲೆ ಗುದ್ದಲಿಯಿಂದ ನಾಲ್ಕಾರು ಕಡೆ ತೋಡಿ ನೋಡಿ. ಗೇಣುದ್ದದವರೆಗೆ ತೇವ ಇಳಿದಿದ್ದು, ಹಿಡಿ ಮಣ್ಣನ್ನು ಅಮುಕಿದರೆ ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಉದುರುವಂತಿದ್ದರೆ ಬಿತ್ತನೆಗೆ ಹದವಾಯಿತೆಂದು ತಿಳಿಯಿರಿ. ಮೇಲೆ ಮಾತ್ರ ನೆನೆದು ಕೆಳಗೆ ಒಣಗಿದ್ದರೆ ಕಾಯುವುದೇ ಲೇಸು. ಆ ತೇವದಲ್ಲಿ ಕುಂಟೆ ಹೊಡೆದು ಕಳೆ ತೆಗೆದರೆ ಕಾದ ದಿನಗಳೂ ವ್ಯರ್ಥವಾಗವು.

ಮಳೆ ತಡವಾದರೆ

ಹೆದರಬೇಕಾಗಿಲ್ಲ. ನಮ್ಮ ಪೂರ್ವದ ಒಣ ಪ್ರದೇಶದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆ ಸುರಿಸುವವು. ಕಾಲ ತಡವಾದಂತೆ ತಳಿಯನ್ನು ಬದಲಿಸತಕ್ಕದ್ದು. ಬೇಗ ಹದ ಸಿಕ್ಕಿದರೆ ಎಂ.ಆರ್.-6ರಂತಹ ದೀರ್ಘಾವಧಿ ತಳಿ. ಜುಲೈ ಕೊನೆಯ ಹೊತ್ತಿಗೆ 110ರಿಂದ 115 ದಿನಗಳ ಜಿ.ಪಿ.ಯು.-28, ಆಗಸ್ಟ್‌ಗೆ ಹೋದರೆ 95ರಿಂದ 100 ದಿನಗಳ ಜಿ.ಪಿ.ಯು.-48. ಬಾವಿಯ ನೀರಿನ ಆಸರೆ ಇರುವವರು ಸ್ವಲ್ಪ ಜಾಗದಲ್ಲಿ ಒಟ್ಟಲು ಹಾಕಿಕೊಳ್ಳುವುದು ಜಾಣತನ. ಮೂರು ವಾರದ ಪೈರು ಸಿದ್ಧವಿದ್ದರೆ ಹದ ಬಂದ ದಿನವೇ ನಾಟಿ ಮಾಡಬಹುದು. ಕೂರಿಗೆ ಬಿತ್ತನೆಗೆ ಎಕರೆಗೆ ನಾಲ್ಕೈದು ಕಿಲೋ ಬೀಜ ಬೇಕಾದರೆ, ನಾಟಿಗೆ ಎರಡು ಕಿಲೋ ಸಾಕು.

ಕೃಷಿ ವಿಶ್ವವಿದ್ಯಾನಿಲಯಗಳ ಕೃಷಿ ಹವಾಮಾನ ಘಟಕಗಳು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನಗಳ ಮುನ್ಸೂಚನೆಯೊಡನೆ ಸಲಹೆ ನೀಡುತ್ತವೆ. ‘ಮೇಘದೂತ’ ಮೊಬೈಲ್ ಆ್ಯಪ್‌ನಲ್ಲಿ ಅದು ಕನ್ನಡದಲ್ಲೇ ದೊರೆಯುತ್ತದೆ. ಬಿತ್ತುವ ಮುನ್ನ, ಮೇಲುಗೊಬ್ಬರ ಕೊಡುವ ಮುನ್ನ, ಔಷಧಿ ಸಿಂಪಡಿಸುವ ಮುನ್ನ ಒಮ್ಮೆ ನೋಡಿಕೊಳ್ಳಿ. ಅದರ ಪಕ್ಕದಲ್ಲೇ ತಮ್ಮ ಡಬ್ಬಿಯ ಲೆಕ್ಕವಿರಲಿ. ಐದಾರು ವರ್ಷ ತಪ್ಪದೆ ಬರೆದರೆ, ತಮ್ಮ ಹೊಲಕ್ಕೆ ಮಳೆ ಯಾವಾಗ ಬರುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದನ್ನು ಬೇರಾರೂ ಹೇಳಲಾಗದಷ್ಟು ಸ್ಪಷ್ಟವಾಗಿ ಆ ಪುಸ್ತಕ ಹೇಳುತ್ತದೆ. ಇಂದೇ ಒಂದು ಡಬ್ಬಿ, ಒಂದು ಪುಸ್ತಕ ಹೊಂದಿಸಿಕೊಳ್ಳಿರಿ.