ಭೂಗೋಳವನ್ನು ಮರೆತ ಭೂಪಟ

ದೊಡ್ಡ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೊಠಡಿಯನ್ನು ಹುಡುಕಿ ಅಲೆಯುವಾಗ, ಕಟ್ಟಡಕ್ಕೂ ಒಂದು ಭೂಪಟವಿದ್ದರೆ ಎಷ್ಟು ಚೆನ್ನೆಂದು ನಮಗೆ ತೋರದಿರದು. ಅಂತರ್ಜಾಲದಲ್ಲಿ ಊರುಕೇರಿಗಳ ಭೂಪಟವನ್ನು ಮೂಡಿಸುವ ಸಾಧನವನ್ನೇ ಇದಕ್ಕೂ ಬಳಸಬಹುದೆ?

ಬಳಸಬಹುದು, ಆದರೆ ತೊಡಕೊಂದುಂಟು. ಭೂಮಿ ಗುಂಡಗಿದೆ, ಪರದೆ ಚಪ್ಪಟೆ. ಆದುದರಿಂದ ಅಂತರ್ಜಾಲದ ಭೂಪಟಗಳು ಸಾಮಾನ್ಯವಾಗಿ, 1569ರಲ್ಲಿ ಮರ್ಕೇಟರನು ಬಳಸಿದ ಪ್ರಕ್ಷೇಪಣದ ಒಂದು ರೂಪವನ್ನು ಅನುಸರಿಸುತ್ತವೆ. ಅದರಲ್ಲಿ ಸಮಭಾಜಕವೃತ್ತದಿಂದ ದೂರ ಸರಿದಂತೆಲ್ಲ ಅಳತೆ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದವು 2 ಪಟ್ಟು, ವಿಸ್ತೀರ್ಣವು 4 ಪಟ್ಟು! ನಾಲ್ಕು ಗೋಡೆಗಳ ಕೊಠಡಿಗೆ ಈ ಹಿಗ್ಗುವಿಕೆ ಏತಕ್ಕೆ?

ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್ ಅವರು 2011ರಲ್ಲಿ ಹೊರತಂದ 'ಲೀಫ್‌ಲೆಟ್' ಎಂಬ ತಂತ್ರಾಂಶದಲ್ಲಿ ಇದಕ್ಕೆ ಉಪಾಯವಿದೆ. ಅದರ 'ಸಿಂಪಲ್' ಎಂಬ ನಿರ್ದೇಶಾಂಕ ಪದ್ಧತಿಯು ಭೂಗೋಳವನ್ನೇ ಬದಿಗಿರಿಸುತ್ತದೆ. ಉಳಿಯುವುವು ನಾವು ಶಾಲೆಯ ಗ್ರಾಫ್ ಕಾಗದದಲ್ಲಿ ಕಂಡ ಎರಡು ಅಕ್ಷಗಳು ಮಾತ್ರ. 80 ಮೀಟರು ಉದ್ದ, 50 ಮೀಟರು ಅಗಲದ ಅಂತಸ್ತೊಂದರ ನಕ್ಷೆಯ ಚಿತ್ರವನ್ನು ಹಾಸಿ, ಒಂದು ಮೂಲೆಗೆ (0, 0) ಎಂದೂ ಎದುರು ಮೂಲೆಗೆ (50, 80) ಎಂದೂ ಕೊಟ್ಟರಾಯಿತು; ಪ್ರತಿಯೊಂದು ಬಾಗಿಲಿಗೂ ಮೀಟರಿನಲ್ಲಿ ಸ್ಥಾನ ದೊರೆಯುತ್ತದೆ.

ಇಲ್ಲಿ 50 ಮೊದಲು ಬಂದುದೇಕೆ? ಅಕ್ಷಾಂಶವನ್ನು ಮೊದಲು ಹೇಳುವ ಭೂಪಟದ ರೂಢಿ ಇಲ್ಲಿಯೂ ಉಳಿದಿದೆ: ಲಂಬಾಕ್ಷದ ಅಂಕ ಮೊದಲು, ಅಡ್ಡ ಅಕ್ಷದ್ದು ಬಳಿಕ. ಇದನ್ನು ಮರೆತು ತಿರುಗುಮುರುಗು ಮಾಡಿದರೆ, ರಕ್ತಪರೀಕ್ಷೆಗೆ ಹೊರಟವರು ಅಡುಗೆಮನೆಯನ್ನು ಸೇರಿಯಾರು!