ಗಜನಿಯ ಶೆಟ್ಲಿಗೆ ಒಬ್ಬರ ಕಾವಲು ಸಾಲದು

ಹಿರೇಗುತ್ತಿಯಲ್ಲಿ ಹೆದ್ದಾರಿ ಬಿಟ್ಟು ಮಾಣಿಕಟ್ಟಾ ಕಡೆಗೆ ಇಳಿದರೆ ಸ್ವಲ್ಪ ಹೊತ್ತಿಗೇ ಗಾಳಿಗೆ ಉಪ್ಪಿನ ವಾಸನೆ ಹತ್ತುತ್ತದೆ. ಒಡ್ಡಿನ ಆಚೆ ಅಘನಾಶಿನಿ, ಈಚೆ ಗಜನಿ, ಅಂದರೆ ಭರತದ ಉಪ್ಪುನೀರು ಹತ್ತುವ ತಗ್ಗು ಗದ್ದೆ. ನಾನು ಹೋದದ್ದು ಇಳಿತದ ಹೊತ್ತಿಗೆ. ತೂಬಿನ ಹಲಗೆ ಎತ್ತಿದ್ದರು, ಅದರ ಬಾಯಿಗೆ ಬಲೆ ಕಟ್ಟಿತ್ತು. ಬಲೆಯ ತುದಿ ಬಿಚ್ಚಿ ಬುಟ್ಟಿಗೆ ಸುರಿದರೆ ಬಿಳಿ ಶೆಟ್ಲಿ (ಸಿಗಡಿ), ನಡುವೆ ನಾಲ್ಕಾರು ಹುಲಿ ಶೆಟ್ಲಿ, ಸಿಟ್ಟಿನಿಂದ ಕೊಂಡಿ ಎತ್ತಿದ ಏಡಿಗಳು. ಯಾರೂ ಮರಿ ತಂದು ಬಿಟ್ಟದ್ದಲ್ಲ, ಮೇವು ಹಾಕಿ ಸಾಕಿದ್ದೂ ಅಲ್ಲ. ಭರತದ ನೀರಿನೊಂದಿಗೆ ತಾವಾಗಿ ಒಳಬಂದು ಬೆಳೆದವು.

ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ. ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಮಳೆಗಾಲದಲ್ಲಿ ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುವುದು ವಾಡಿಕೆ. ಆಮೇಲೆ ಉಪ್ಪುನೀರು ಒಳಬಿಟ್ಟರೆ ಆ ಹುಲ್ಲು ಕೊಳೆತು ಮೀನು-ಶೆಟ್ಲಿಗೆ ಆಹಾರವಾಗುತ್ತದೆ. 1990ರ ದಶಕದಲ್ಲಿ ಹುಲಿ ಶೆಟ್ಲಿಯ ಬೆಲೆ ಕಂಡು ಕರಾವಳಿಯುದ್ದಕ್ಕೂ ಶೆಟ್ಲಿ ಸಾಕುವ ಕೆರೆಗಳು ಎದ್ದವು. 1994-95ರ ಹೊತ್ತಿಗೆ ಬಿಳಿಚುಕ್ಕೆ ರೋಗ ಬಂತು. 1996ರಲ್ಲಿ ಈ ಕೆರೆಗಳ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು, 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ, 2009ರಲ್ಲಿ ವನ್ನಾಮಿ ಎಂಬ ಶೆಟ್ಲಿ ತಳಿ. ಇಷ್ಟು ಕಾಗದದ ಚರಿತ್ರೆ.

ಒಡ್ಡಿನ ಮೇಲೆ ಸಿಕ್ಕ ಹಿರಿಯರೊಬ್ಬರು ಹೇಳಿದ ಚರಿತ್ರೆ ಬೇರೆಯೇ. ಗಜನಿಯಲ್ಲಿ ಅವರಿಗೆ ತುಸು ಭೂಮಿ ಇದೆ, ಪಕ್ಕದಲ್ಲೊಂದು ಸಣ್ಣ ಕೆರೆ. ಮಾತು ಶುರುವಾಗುವ ಮೊದಲೇ ಕೆರೆಗೆ ಕರೆದುಕೊಂಡು ಹೋಗಿ ಹಗ್ಗ ಎಳೆದು ಬಲೆಯ ತಟ್ಟೆಯೊಂದನ್ನು ಮೇಲೆತ್ತಿದರು. ಅದರಲ್ಲಿ ಹಿಡಿಯಷ್ಟು ಮೇವು ಇಟ್ಟು ಮುಳುಗಿಸಿ, ಎರಡು ತಾಸಿನ ಮೇಲೆ ಎತ್ತಿ ನೋಡುತ್ತಾರೆ. ಮೇವು ಉಳಿದಿದ್ದರೆ ಮುಂದಿನ ಹೊತ್ತಿಗೆ ಕಡಿಮೆ. ತಟ್ಟೆಯಲ್ಲಿದ್ದ ಶೆಟ್ಲಿಯೊಂದನ್ನು ಬೆರಳ ನಡುವೆ ಹಿಡಿದು ಬಿಸಿಲಿಗೆ ಒಡ್ಡಿದರು. ಬೆನ್ನಿನುದ್ದಕ್ಕೂ ಕಪ್ಪು ದಾರದಂಥ ಗೆರೆ. ‘ನೋಡು ತಮಾ, ಹೊಟ್ಟೆ ತುಂಬಿದೆ. ಈ ಗೆರೆ ತುಂಡು ತುಂಡಾಗಿ ಕಂಡ್ರೆ ನಮ್ಗೆ ರಾತ್ರಿ ನಿದ್ದೆ ಇಲ್ಲ’ ಎಂದರು.

ಶೆಟ್ಲಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿನದು. ಹೆಚ್ಚಾದ ಮೇವು ತಳಕ್ಕೆ ಇಳಿದು ಕೊಳೆತು ಕಪ್ಪು ಕೆಸರಾಗುತ್ತದೆ, ಬೆಳಗಿನ ಜಾವ ನೀರಿನ ಆಮ್ಲಜನಕ ಕುಸಿಯುತ್ತದೆ. ಮುಂದೆ ಆ ನೀರು ಹೋಗುವುದು ನದಿಗೇ. ಹಾಗಾಗಿ ಸಾವಿರಾರು ರೂಪಾಯಿಯ ಔಷಧಕ್ಕಿಂತ ಈ ತಟ್ಟೆಯೇ ದೊಡ್ಡದು ಎಂದು ನನಗೆ ಅಲ್ಲಿ ನಿಂತಾಗ ಅನಿಸಿತು. ಬೆಳೆ ಮುಗಿದ ಮೇಲೆ ಕೆಸರು ತೆಗೆದು, ತಳವನ್ನು ಬಿರುಕು ಬಿಡುವವರೆಗೆ ಒಣಗಿಸಿ ಸುಣ್ಣ ಹಾಕುವುದನ್ನೂ ಅವರು ತಪ್ಪಿಸುವುದಿಲ್ಲ. ಮರಿ ತರುವ ಮೊದಲು ಪಿಸಿಆರ್ ಪರೀಕ್ಷೆಯ ಚೀಟಿ ಕೇಳುತ್ತಾರೆ. ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ಆ್ಯಂಟಿಬಯೋಟಿಕ್‌ಗಳಿಗೆ ನಿಷೇಧವಿದೆ. ಬಿಳಿಚುಕ್ಕೆ ಬರುವುದು ವೈರಸ್‌ನಿಂದಾದ್ದರಿಂದ ಅದಕ್ಕೆ ಅವು ನಾಟುವುದೂ ಇಲ್ಲ ಎಂಬುದು ಅವರಿಗೆ ಗೊತ್ತು.

ಇಷ್ಟೆಲ್ಲ ಮಾಡಿದರೂ ಅವರ ಒಂದು ಬೆಳೆ ಪೂರ್ತಿ ಹೋಯಿತು. ಮೇಲಿನ ಕೆರೆಯೊಂದಕ್ಕೆ ರೋಗ ಬಂದಿತ್ತು. ಆ ಕೆರೆಯವರು ಯಾರಿಗೂ ಹೇಳದೆ ರಾತ್ರೋರಾತ್ರಿ ನೀರನ್ನು ಕಾಲುವೆಗೆ ಬಿಟ್ಟರು. ಮರುದಿನದ ಭರತದಲ್ಲಿ ಇವರು ಅದೇ ಕಾಲುವೆಯಿಂದ ನೀರು ತುಂಬಿಸಿಕೊಂಡರು. ಕೆಲವೇ ದಿನಗಳಲ್ಲಿ ಶೆಟ್ಲಿ ಮೇವು ಬಿಟ್ಟು ದಡಕ್ಕೆ ಬಂತು, ಮೈ ಕೆಂಪಾಯಿತು, ತಲೆಚಿಪ್ಪಿನ ಮೇಲೆ ಬಿಳಿ ಚುಕ್ಕೆ ಎದ್ದಿತು. ವಾರದೊಳಗೆ ಕೆರೆ ಖಾಲಿ. ಅವರ ದೂರು ನೆರೆಯವರ ಮೇಲೆ ಅಷ್ಟಿಲ್ಲ. ಸಾಲದ ಭಯದಲ್ಲಿ ಅವರೂ ಏನು ಮಾಡಿಯಾರು ಎನ್ನುತ್ತಾರೆ. ಕೆರೆ ಸತ್ತ ಮೇಲೆ ಬರುವ ಅಧಿಕಾರಿಗಳು ಮರಿ ಬಿಡುವ ಮೊದಲು ಒಮ್ಮೆ ಒಡ್ಡಿನ ಮೇಲೆ ಬಂದು ಎಲ್ಲರನ್ನೂ ಕೂರಿಸಿ ಮಾತಾಡಬಾರದೇ ಎಂಬುದು ಅವರ ಬೇಸರ.

ಈ ಬೇಸರದಲ್ಲಿ ನ್ಯಾಯವಿದೆ. ಮರಿ ಬಿಡುವ ಮೊದಲೇ ಎಲ್ಲರನ್ನೂ ಕೂರಿಸುವುದನ್ನು ಆಂಧ್ರದಲ್ಲಿ ಮಾಡಿ ತೋರಿಸಿದ್ದಾರೆ. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ 2002ರ ಹೊತ್ತಿಗೆ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನಲ್ಲಿ ಸಣ್ಣ ರೈತರನ್ನು ಗುಂಪು ಕಟ್ಟಿತು. ಒಂದೇ ಕಾಲುವೆಯವರು ಒಟ್ಟಿಗೆ ಕೆರೆ ಸಿದ್ಧಪಡಿಸಿದರು, ಪರೀಕ್ಷೆಯಾದ ಮರಿಯನ್ನು ಒಟ್ಟಿಗೆ ಕೊಂಡು ಒಂದೇ ಹೊತ್ತಿಗೆ ಬಿಟ್ಟರು. ರೋಗ ಕಂಡರೆ ಮುಚ್ಚಿಡದೆ ಉಳಿದವರಿಗೆ ಹೇಳಬೇಕು, ಕೆರೆಯ ನೀರು ಹೊರಬಿಡಬಾರದು ಎಂಬ ಕಟ್ಟುಪಾಡು ಮಾಡಿಕೊಂಡರು. ಈ ಕೆಲಸ ಮುಂದುವರಿಸಲು 2007ರಲ್ಲಿ ‘ನಾಕ್ಸಾ’ ಎಂಬ ಸಂಸ್ಥೆಯೇ ಹುಟ್ಟಿತು.

ಗಜನಿಯವರಿಗೆ ಇಂಥ ಕಟ್ಟುಪಾಡು ಹೊಸದೇನಲ್ಲ. ಒಡ್ಡು ಕಟ್ಟುವುದು, ಹಲಗೆ ಎತ್ತುವ ದಿನ, ಬಿತ್ತನೆಯ ಹೊತ್ತು, ಎಲ್ಲವನ್ನೂ ಊರೇ ಸೇರಿ ನಿಶ್ಚಯಿಸುತ್ತಿತ್ತು. ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರ ಕೈಗೆ ಹೋದ ಕಡೆಗಳಲ್ಲಿ ಮಳೆಗಾಲದಲ್ಲೂ ಉಪ್ಪುನೀರು ನಿಂತು ಕಗ್ಗ ಬಿತ್ತುವುದೇ ನಿಂತಿತು. ಭತ್ತ ಬೆಳೆಯುವಾಗ ಶೆಟ್ಲಿಯ ನೆಲಕ್ಕೆ ಸಿಗುತ್ತಿದ್ದ ಬಿಡುವು ಅದರ ಜೊತೆಗೇ ಹೋಯಿತು. ನನ್ನ ಮಟ್ಟಿಗೆ ಈ ಅಳಿವೆಗೆ ಆದ ದೊಡ್ಡ ನಷ್ಟ ಇದೇ.

ಜಲಕೃಷಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಪ್ರತಿ ಸಾಕಣೆದಾರರೂ ನೋಂದಣಿ ಮಾಡಿಸಲೇಬೇಕು, ಕಾಂಡ್ಲಾ (ಮ್ಯಾಂಗ್ರೋವ್) ಕಡಿದು ಕೆರೆ ಮಾಡುವಂತಿಲ್ಲ. ಅದು ಸರಿಯೇ. ಆದರೆ ಅರ್ಧ ಎಕರೆಯವರಿಗೆ ನೋಟಿಸ್ ಕೊಟ್ಟರೆ ಕೆಲಸ ಆಗುವುದಿಲ್ಲ. ಮುಂದಿನ ಮರಿ ಬಿಡುವ ಮುಂಚೆ ಮೀನುಗಾರಿಕೆ ಇಲಾಖೆಯವರು ಒಂದೊಂದು ಕಾಲುವೆಯ ರೈತರನ್ನು ಒಂದೊಂದು ಗುಂಪಾಗಿ ಒಡ್ಡಿನ ಮೇಲೆಯೇ ಕೂರಿಸಿ ಮಾತಾಡಲಿ. ರೋಗ ಬಂದುದನ್ನು ಮೊದಲು ಹೇಳಿದವರಿಗೆ ದಂಡದ ಬದಲು ನೆರವು ಸಿಗುವಂತೆ ನೋಡಿಕೊಳ್ಳಲಿ.