ಸೌಮ್ಯ ಅರಿವಿನ ದೌರ್ಬಲ್ಯ ಮತ್ತು ಶಸ್ತ್ರಕ್ರಿಯಾರಹಿತ ಮಿದುಳು ಪ್ರಚೋದನೆ

ಶಸ್ತ್ರಕ್ರಿಯಾರಹಿತ ಮಿದುಳು ಪ್ರಚೋದನೆ ಎಂದರೆ ತಲೆಬುರುಡೆಯನ್ನು ತೆರೆಯದೆ, ಅರಿವಳಿಕೆಯನ್ನೂ ನೀಡದೆ, ಕಾಂತಕ್ಷೇತ್ರ ಅಥವಾ ಅಲ್ಪ ಪ್ರಮಾಣದ ವಿದ್ಯುತ್ತಿನಿಂದ ಮಿದುಳಿನ ನಿರ್ದಿಷ್ಟ ಭಾಗದ ಚಟುವಟಿಕೆಯನ್ನು ಮಾರ್ಪಡಿಸುವ ವಿಧಾನ. ಖಿನ್ನತೆಯ ಚಿಕಿತ್ಸೆಯಲ್ಲಿ ಇದರ ಬಳಕೆಯಿದೆ. ಹಿರಿಯರಲ್ಲಿ ಕಂಡುಬರುವ ಸೌಮ್ಯ ಅರಿವಿನ ದೌರ್ಬಲ್ಯಕ್ಕೂ ಇದು ಪ್ರಯೋಜನಕಾರಿಯೇ ಎಂಬುದು ಸಂಶೋಧನೆಯ ಹಂತದಲ್ಲಿದೆ.

ಸೌಮ್ಯ ಅರಿವಿನ ದೌರ್ಬಲ್ಯ

ವಯಸ್ಸಿಗೆ ಸಹಜವಾದ ಮರೆವಿಗೂ ಮರೆಗುಳಿತನದ ಕಾಯಿಲೆಗೂ ನಡುವಿನ ಸ್ಥಿತಿ ಇದು. ನೆನಪು, ಗಮನ ಅಥವಾ ಭಾಷೆಯಲ್ಲಿ ಪರೀಕ್ಷೆಯಿಂದ ಗುರುತಿಸಬಹುದಾದ ಕುಂದು ಇದ್ದರೂ ವ್ಯಕ್ತಿಯು ದಿನನಿತ್ಯದ ವ್ಯವಹಾರಗಳನ್ನು ಬಹುಮಟ್ಟಿಗೆ ಸ್ವತಂತ್ರವಾಗಿ ನಿರ್ವಹಿಸಬಲ್ಲನು. ಅಮೆರಿಕದ ಮೇಯೋ ಕ್ಲಿನಿಕ್‌ನ ರೊನಾಲ್ಡ್ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಮಾನದಂಡಗಳಿಂದ ಈ ಪರಿಕಲ್ಪನೆ ವ್ಯಾಪಕವಾಗಿ ಬಳಕೆಗೆ ಬಂದಿತು. ಸ್ಮೃತಿ ಚಿಕಿತ್ಸಾಲಯಗಳಿಗೆ ಬರುವ ಇಂತಹವರಲ್ಲಿ ಪ್ರತಿವರ್ಷ ನೂರಕ್ಕೆ ಸುಮಾರು 10ರಿಂದ 15 ಮಂದಿಯ ಸ್ಥಿತಿ ಮರೆಗುಳಿತನದ ಕಾಯಿಲೆಗೆ ತಿರುಗುತ್ತದೆ. ಕೆಲವರು ಅದೇ ಸ್ಥಿತಿಯಲ್ಲಿ ಉಳಿಯುತ್ತಾರೆ. ಮತ್ತೆ ಕೆಲವರು ಸಹಜ ಸ್ಥಿತಿಗೆ ಮರಳುವುದೂ ಉಂಟು.

ಮುಖ್ಯ ವಿಧಾನಗಳು

ಕಾಂತೀಯ ಪ್ರಚೋದನೆ (ಟಿಎಂಎಸ್): ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಪ್ರದರ್ಶಿಸಿದರು. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ತತ್ತ್ವ. ತಲೆಯ ಮೇಲಿರಿಸಿದ ತಂತಿಸುರುಳಿಯಲ್ಲಿ ಕ್ಷಣಮಾತ್ರ ಪ್ರಬಲ ವಿದ್ಯುತ್ ಹರಿದಾಗ ಉಂಟಾಗುವ ಕಾಂತಕ್ಷೇತ್ರವು ಬುರುಡೆಯನ್ನು ದಾಟಿ, ಮಿದುಳಿನ ಹೊರಪದರದ ನರಕೋಶಗಳಲ್ಲಿ ವಿದ್ಯುತ್ತನ್ನು ಪ್ರೇರೇಪಿಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 1ರಂತಹ ನಿಧಾನ ಸ್ಪಂದನಗಳು ಆ ಭಾಗದ ಚಟುವಟಿಕೆಯನ್ನು ತಗ್ಗಿಸುತ್ತವೆ. 5ಕ್ಕೂ ಮೇಲ್ಪಟ್ಟ ವೇಗದ ಸ್ಪಂದನಗಳು ಹೆಚ್ಚಿಸುತ್ತವೆ.

ನೇರವಿದ್ಯುತ್ ಪ್ರಚೋದನೆ (ಟಿಡಿಸಿಎಸ್): ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜಿನ ಹೊದಿಕೆಯುಳ್ಳ ಎರಡು ವಿದ್ಯುದ್ವಾರಗಳನ್ನು ನೆತ್ತಿ ಅಥವಾ ಹಣೆಯ ಮೇಲಿಟ್ಟು, ಸುಮಾರು 1ರಿಂದ 2 ಮಿಲಿಆಂಪಿಯರ್ ವಿದ್ಯುತ್ತನ್ನು 20–30 ನಿಮಿಷ ಹಾಯಿಸಲಾಗುತ್ತದೆ. ಇದು ನರಕೋಶಗಳನ್ನು ನೇರವಾಗಿ ಸ್ಪಂದಿಸುವಂತೆ ಮಾಡುವುದಿಲ್ಲ. ಅವು ಸ್ಪಂದಿಸುವ ಸಾಧ್ಯತೆಯನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತದೆ. ಆದ್ದರಿಂದ ಇದನ್ನು ಸ್ಮರಣೆಯ ಅಭ್ಯಾಸಗಳೊಂದಿಗೆ ಜೋಡಿಸುವ ಕ್ರಮವಿದೆ.

ಈ ಎರಡೂ ವಿಧಾನಗಳು ಅರಿವಳಿಕೆ ನೀಡಿ ಉದ್ದೇಶಪೂರ್ವಕವಾಗಿ ಸೆಳವನ್ನು ಉಂಟುಮಾಡುವ ವಿದ್ಯುತ್ ಕಂಪನ ಚಿಕಿತ್ಸೆಗಿಂತ ಭಿನ್ನವಾದವು.

ಸಂಶೋಧನೆಯ ಸ್ಥಿತಿ

ಹೆಚ್ಚಿನ ಪ್ರಯೋಗಗಳಲ್ಲಿ ಯೋಜನೆ ಮತ್ತು ಕಾರ್ಯಸ್ಮೃತಿಗೆ ಸಂಬಂಧಿಸಿದ ಹಣೆಯ ಹಿಂದಿನ ಹಾಲೆಯ ಪಾರ್ಶ್ವಭಾಗವನ್ನು ಆರಿಸಿಕೊಳ್ಳಲಾಗಿದೆ. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಆಳದಲ್ಲಿರುವುದರಿಂದ, ಅದರೊಂದಿಗೆ ಸಂಪರ್ಕವುಳ್ಳ ಹೊರಪದರದ ಭಾಗಗಳ ಮೂಲಕ ಅದನ್ನು ಪರೋಕ್ಷವಾಗಿ ತಲುಪುವ ಯತ್ನಗಳೂ ನಡೆದಿವೆ. ಕೆನಡಾದ ಟೊರೊಂಟೊದಲ್ಲಿ ನಡೆದು 2024ರಲ್ಲಿ ಪ್ರಕಟವಾದ ದೀರ್ಘಾವಧಿಯ ಪ್ರಯೋಗವೊಂದರಲ್ಲಿ, ಟಿಡಿಸಿಎಸ್ ಮತ್ತು ಅರಿವಿನ ತರಬೇತಿಯನ್ನು ಒಟ್ಟಿಗೆ ಪಡೆದ ಹಿರಿಯರಲ್ಲಿ ಅರಿವಿನ ಕುಸಿತ ನಿಧಾನವಾದುದು ಕಂಡುಬಂದಿತು. ಆದರೆ ಆ ಲಾಭ ಹಿಂದೆ ಖಿನ್ನತೆಯಿದ್ದು ಗುಣಹೊಂದಿದವರಲ್ಲಿ ಹೆಚ್ಚಾಗಿತ್ತು. ಕೇವಲ ಸೌಮ್ಯ ಅರಿವಿನ ದೌರ್ಬಲ್ಯವಿದ್ದವರಲ್ಲಿ ಅಷ್ಟಾಗಿರಲಿಲ್ಲ.

ಫಲಿತಾಂಶಗಳನ್ನು ಅರ್ಥೈಸುವಲ್ಲಿ ಎಚ್ಚರ ಅಗತ್ಯ. ಅನೇಕ ಪ್ರಯೋಗಗಳು ಸಣ್ಣವು. ಪ್ರಚೋದನೆಯ ಜಾಗ, ಪ್ರಮಾಣ, ಅವಧಿಗಳು ಒಂದರಿಂದೊಂದಕ್ಕೆ ಬೇರೆ. ಒಂದೇ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯುವವರು ಅಭ್ಯಾಸಬಲದಿಂದಲೂ ಹೆಚ್ಚು ಅಂಕ ಗಳಿಸಬಹುದು. ಚಿಕಿತ್ಸೆಯ ಮೇಲಿನ ನಂಬಿಕೆಯೂ ತಾತ್ಕಾಲಿಕ ಸುಧಾರಣೆ ತರಬಹುದು. ಆದ್ದರಿಂದಲೇ ಒಂದು ಗುಂಪಿಗೆ ನಿಜವಾದ ಪ್ರಚೋದನೆ, ಇನ್ನೊಂದಕ್ಕೆ ತೋರಿಕೆಯ ಪ್ರಚೋದನೆ ನೀಡಿ ಹೋಲಿಸಲಾಗುತ್ತದೆ. ಪರೀಕ್ಷೆಯ ಅಂಕ ಏರಿದ ಮಾತ್ರಕ್ಕೆ ದಿನನಿತ್ಯದ ಬದುಕು ಸುಗಮವಾಯಿತೆಂದು ಹೇಳಲಾಗದು.

ಸುರಕ್ಷತೆ

ಟಿಎಂಎಸ್‌ನಿಂದ ತಲೆನೋವು, ನೆತ್ತಿಯಲ್ಲಿ ನೋವು ಉಂಟಾಗಬಹುದು. ಅಪರೂಪಕ್ಕೆ ಸೆಳವು ಬರಬಹುದು. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಉಳ್ಳವರಿಗೆ ಇದು ಸಾಮಾನ್ಯವಾಗಿ ವರ್ಜ್ಯ. ಪೇಸ್‌ಮೇಕರ್ ಅಥವಾ ಅಪಸ್ಮಾರ ಉಳ್ಳವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಟಿಡಿಸಿಎಸ್‌ನಿಂದ ತುರಿಕೆ, ಚುರುಗುಟ್ಟುವಿಕೆ, ಚರ್ಮ ಕೆಂಪಾಗುವಿಕೆ ಸಾಮಾನ್ಯ. ಇದರ ಉಪಕರಣ ಸರಳವಾಗಿ ಕಂಡರೂ ಮನೆಯಲ್ಲಿ ಸ್ವತಃ ಪ್ರಯೋಗಿಸಿಕೊಳ್ಳುವುದು ಸುರಕ್ಷಿತವಲ್ಲ.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗಗಳಿಗೆ ಸಂಬಂಧಿಸಿದಂತೆ ಈ ಎರಡೂ ವಿಧಾನಗಳ ಬಳಕೆ ಮತ್ತು ಸಂಶೋಧನೆ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಅರಿವಿನ ಪರೀಕ್ಷೆಗಳ ಸಂಚಯ ಕನ್ನಡದಲ್ಲಿಯೂ ಇದೆ. ಓದುಬರಹ ಬಾರದವರ ಅಕ್ಷರಜ್ಞಾನದ ಕೊರತೆಯನ್ನು ಅರಿವಿನ ಕೊರತೆಯೆಂದು ತಪ್ಪಾಗಿ ಎಣಿಸದಿರಲು ಇಂತಹ ಪರೀಕ್ಷೆಗಳು ಅವಶ್ಯಕ.

ಚಿಕಿತ್ಸೆಗೆ ಮುನ್ನ

ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರಾಹೀನತೆ, ಕೆಲವು ಔಷಧಿಗಳ ಪರಿಣಾಮ ಇವುಗಳಿಂದಲೂ ಮರೆವು ಉಂಟಾಗಬಹುದು. ಇವು ಸರಿಪಡಿಸಬಹುದಾದ ಕಾರಣಗಳಾದ್ದರಿಂದ ಮೊದಲು ಇವುಗಳ ತಪಾಸಣೆ ಆಗಬೇಕು. ರಕ್ತದೊತ್ತಡದ ನಿಯಂತ್ರಣ, ನಿಯಮಿತ ವ್ಯಾಯಾಮ, ಶ್ರವಣದೋಷಕ್ಕೆ ಪರಿಹಾರ ಮತ್ತು ಜನರೊಡನೆ ಒಡನಾಟ ಇವುಗಳಿಗೆ ಮಿದುಳು ಪ್ರಚೋದನೆ ಬದಲಿಯಲ್ಲ.